ಈ ರೋಬೋಟಿಗೆ ಚಾರ್ಜರ್ ಇಲ್ಲ, ಬುತ್ತಿ ಇದೆ

[ದೃಶ್ಯ: ಕಲಬುರಗಿ, ಮನೆಯ ಮಾಳಿಗೆ, ರಾತ್ರಿ. ಸ್ಟೂಲಿನ ಮೇಲೆ ಬುತ್ತಿಗಂಟು, ಒಂದು ಮೊರ.]

ನಮಸ್ಕಾರ್ರೀ. ಇವತ್ತು ಮಾಳಿಗೆ ಮೇಲೆ ಕೂತಿದ್ದೇನೆ. ಒಳಗೆ ಫ್ಯಾನ್ ಹಾಕಿದರೆ ಮೈಕಿನ ತುಂಬ ಅದರದೇ ಸದ್ದು, ಆರಿಸಿದರೆ ನಾನೇ ಬೆಂದು ಹೋಗ್ತೇನೆ.

ಯಾದಗಿರಿಯಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಒಂದು ಪ್ರಶ್ನೆ ಕಳಿಸಿದ್ದ. "ಅಕ್ಕಾ, ಜೀವ ಇರೋ ರೋಬೋಟ್ ಮಾಡ್ಯಾರಂತ. ಅದಕ್ಕ ಚಾರ್ಜ್ ಎಲ್ಲಿ ಹಾಕ್ತಾರ್ರೀ?"

ಓದಿ ನಕ್ಕೆ. ಆಮೇಲೆ ಯೋಚನೆ ಮಾಡಿದರೆ, ಇಡೀ ವಿಷಯದ ಬೀಗದ ಕೈ ಇರೋದೇ ಅಲ್ಲಿ.

ಗೊತ್ತಿಲ್ಲದವರಿಗೆ ಬೇಗ ಬೇಗ ಹೇಳಿಬಿಡ್ತೇನೆ. 2020ರ ಜನವರಿಯಲ್ಲಿ ಅಮೆರಿಕದ ವರ್ಮಾಂಟ್ ಮತ್ತು ಟಫ್ಟ್ಸ್ ವಿಶ್ವವಿದ್ಯಾಲಯದವರು ಝೆನೋಬಾಟ್ ಅನ್ನೋದನ್ನು ತೋರಿಸಿದರು. ಆಫ್ರಿಕಾದಲ್ಲಿ ಒಂದು ಕಪ್ಪೆ ಇದೆ, ಝೆನೋಪಸ್ ಲೇವಿಸ್. ಹೆಸರು ಬಂದಿದ್ದು ಅದರಿಂದ. ಕಪ್ಪೆಯ ಭ್ರೂಣದಿಂದ ಚರ್ಮ ಆಗಬೇಕಿದ್ದ ಕೋಶ, ಹೃದಯದ ಸ್ನಾಯು ಆಗಬೇಕಿದ್ದ ಕೋಶ ತೆಗೆದುಕೊಂಡರು. ಯಾವ ಆಕಾರ ಚೆನ್ನಾಗಿ ನಡೆಯುತ್ತೆ ಅಂತ ಸೂಪರ್ ಕಂಪ್ಯೂಟರಿಗೆ ಕೇಳಿದರು. ಅದು ತಿಂಗಳುಗಟ್ಟಲೆ ಲೆಕ್ಕ ಹಾಕಿ ಆಕಾರ ಕೊಟ್ಟಿತು. ಡಗ್ಲಸ್ ಬ್ಲ್ಯಾಕಿಸ್ಟನ್ ಅನ್ನೋರು ಸೂಕ್ಷ್ಮದರ್ಶಕದ ಕೆಳಗೆ ಕೋಶಗಳ ಉಂಡೆ ಕೆತ್ತಿ ಅದೇ ಆಕಾರಕ್ಕೆ ತಂದರು. ಹೃದಯದ ಕೋಶ ಬಡಿದುಕೊಂಡಾಗೆಲ್ಲ ಉಂಡೆ ಮುಂದೆ ಸರಿಯಿತು. ಗಾತ್ರ 1 ಮಿಲಿಮೀಟರಿಗಿಂತ ಕಡಿಮೆ. ಉಪ್ಪಿಟ್ಟಿನ ರವೆ ಕಾಳು ಅಂದುಕೊಳ್ಳಿ. ತಂತಿ ಇಲ್ಲ, ಚಿಪ್ ಇಲ್ಲ, ಜೀನನ್ನೂ ಯಾರೂ ತಿದ್ದಿಲ್ಲ.

ಈಗ ಚಾರ್ಜಿನ ಮಾತು.

[ಬುತ್ತಿಗಂಟು ಕೈಗೆ ತೆಗೆದುಕೊಂಡು ಬಿಚ್ಚುವುದು.]

ಕಡಕ್ ರೊಟ್ಟಿ, ಶೇಂಗಾ ಹಿಂಡಿ. ನಮ್ಮ ಆಯಿ ಎಲ್ಲಿಗೆ ಹೊರಟರೂ ಇದು ಮೊದಲು ಕಟ್ಟಬೇಕು. ಶರಣಬಸವೇಶ್ವರ ಜಾತ್ರೆಗೆ ಹೋದರೂ ಕಂಕುಳಲ್ಲಿ ಗಂಟು. "ಆಯಿ, ಅಲ್ಲಿ ದಾಸೋಹ ಇರ್ತದಲ್ಲ?" ಅಂದರೆ "ಇರಲಿ ಬಿಡು, ನಂದು ನನಗಿರಲಿ" ಅಂತಾಳೆ.

ಮೊಟ್ಟೆಯೊಳಗಿನ ಊಟದಲ್ಲೂ ಈ ಎರಡು ಬಗೆ ಇದೆ. ಕೋಳಿ ಮೊಟ್ಟೆ ಅಂದರೆ ದಾಸೋಹ. ಹಳದಿ ಭಂಡಾರ ದೊಡ್ಡದು, ಆದರೆ ಒಂದೇ ಕಡೆ ಇರುತ್ತೆ. ಮರಿ ಅದರ ಮೇಲೊಂದು ಸಣ್ಣ ಬಿಲ್ಲೆಯಾಗಿ ಬೆಳೆಯುತ್ತಾ ಅಲ್ಲಿಂದಲೇ ಉಣ್ಣುತ್ತೆ. ಕಪ್ಪೆ ಮೊಟ್ಟೆ ಹಾಗಲ್ಲ. ಅದು ಇಡಿಯಾಗಿ ಸೀಳುತ್ತೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ. ಪ್ರತಿ ಸಲವೂ ಹಳದಿಯ ಪಾಲು ಎಲ್ಲರಿಗೂ ಸಿಗುತ್ತೆ. ಸಮಪಾಲು ಅಲ್ಲ, ಕೆಳಗಿನವರಿಗೆ ಜಾಸ್ತಿ, ಮೇಲಿನವರಿಗೆ ಕಡಿಮೆ. ಅದೇನು, ನಮ್ಮ ಮನೆಗಳಲ್ಲೂ ಅಷ್ಟೇ ಅಲ್ವಾ? ಆದರೆ ಬುತ್ತಿ ಇಲ್ಲದ ಕೋಶ ಮಾತ್ರ ಒಂದೂ ಇಲ್ಲ.

ಅದಕ್ಕೇ ಕೋಶಗಳನ್ನು ಭ್ರೂಣದಿಂದ ಬಿಡಿಸಿ ಸುಮ್ನೆ ಉಪ್ಪುನೀರಿನ ತಟ್ಟೆಗೆ ಹಾಕಿದರೂ ಅವು ಉಪವಾಸ ಬೀಳುವುದಿಲ್ಲ. ಬಾಯಿ ಇಲ್ಲ, ಹೊಟ್ಟೆ ಇಲ್ಲ. ಗಂಟು ಬಿಚ್ಚಿ ತಿನ್ನುತ್ತಾ ವಾರ, ಹತ್ತು ದಿನ ಓಡಾಡುತ್ತವೆ. ಬುತ್ತಿ ಖಾಲಿಯಾದ ಮೇಲೆ ಸತ್ತು ಕೊಳೆತು ಹೋಗುತ್ತವೆ. ಪೋಷಕಾಂಶದ ಸಾರಿನಲ್ಲಿ ಇಟ್ಟರೆ ತಿಂಗಳುಗಟ್ಟಲೆ ಬಾಳಿದ್ದೂ ಉಂಟು. ಅಂದರೆ ದಾಸೋಹಕ್ಕೆ ಸೇರಿಸಿದ ಹಾಗೆ.

ಚಾರ್ಜ್ ಎಲ್ಲಿ ಹಾಕ್ತಾರೆ ಅಂದಿದ್ದೆಯಲ್ಲ ತಮ್ಮಾ? ತಾಯಿ ಕಪ್ಪೆ ಮೊಟ್ಟೆ ಇಡುವಾಗಲೇ ಹಾಕಿ ಮುಗಿಸಿದ್ದಾಳೆ.

[ಕ್ಯಾಮೆರಾ ಹಿಂದಿನಿಂದ: "ಅಕ್ಕಾ, ಬುತ್ತಿ ಮಾತೇ ಐದು ನಿಮಿಷ ಆಯ್ತು."]

ಆಯ್ತಪ್ಪಾ, ಮುಂದೆ ಹೋಗೋಣ. ಆದರೆ ಈ ಮೊರ ತಂದಿದ್ದೇನಲ್ಲ, ಅದನ್ನು ಹೇಳದೆ ಬಿಡೋಲ್ಲ.

2021ರಲ್ಲಿ "ರೋಬೋಟ್ ಮರಿ ಹಾಕಿತು" ಅಂತ ಲೋಕವೆಲ್ಲ ಗುಲ್ಲು. ನಡೆದದ್ದು ಇಷ್ಟು. ಅಷ್ಟೊತ್ತಿಗೆ ಹೃದಯದ ಕೋಶ ಬಿಟ್ಟು ಬರೀ ಚರ್ಮದ ಕೋಶದಿಂದಲೇ ಝೆನೋಬಾಟ್ ಮಾಡುತ್ತಿದ್ದರು. ಮೈಮೇಲಿನ ಸಣ್ಣ ಸಣ್ಣ ರೋಮ ಬಡಿದು ಅವು ಈಜುತ್ತಿದ್ದವು. ತಟ್ಟೆಯಲ್ಲಿ ಬಿಡಿ ಕೋಶ ಚೆಲ್ಲಿದರೆ, ಇವು ಓಡಾಡುತ್ತಾ ಅವನ್ನು ಗುಡ್ಡೆ ಹಾಕಿದವು. ಗುಡ್ಡೆಯಲ್ಲಿ ಕನಿಷ್ಠ 50 ಕೋಶ ಸೇರಿದರೆ ಅದಕ್ಕೂ ರೋಮ ಬಂದು ಅದೇ ಒಂದು ಈಜುವ ಉಂಡೆ! ಹೆರಿಗೆ ಅಲ್ಲ, ರಾಶಿ. ಕಣದಲ್ಲಿ ತೊಗರಿ ಬಳಿದು ರಾಶಿ ಮಾಡ್ತೀವಲ್ಲ, ಹಾಗೆ.

ದುಂಡನೆಯ ಉಂಡೆ ಬಳಿಯುವ ಕೆಲಸಕ್ಕೆ ಅಷ್ಟಕ್ಕಷ್ಟೇ. ವಂಶ ಬೇಗ ನಿಂತುಹೋಗುತ್ತಿತ್ತು. ಮತ್ತೆ ಕಂಪ್ಯೂಟರಿಗೇ ಕೇಳಿದರು. ಅದು ಕೊಟ್ಟ ಆಕಾರ ಬಾಯಿ ತೆರೆದ ಸಿ ಅಕ್ಷರದ್ದು.

[ಮೊರವನ್ನು ಕ್ಯಾಮೆರಾಕ್ಕೆ ಹಿಡಿಯುವುದು.]

ನನಗಂತೂ ಇದೇ ಕಾಣಿಸ್ತು. ಮೂರು ಕಡೆ ಅಂಚು, ಮುಂದೆ ಬಯಲು. ಸೂಪರ್ ಕಂಪ್ಯೂಟರ್ ಅಷ್ಟು ಬೆವರು ಸುರಿಸಿ ಕಂಡುಹಿಡಿದಿದ್ದನ್ನು ನಮ್ಮ ಆಯಿ ಗೋಡೆಗೆ ನೇತು ಹಾಕಿದ್ದಾಳೆ. ಈ ಆಕಾರದಲ್ಲಿ ವಂಶ 4 ತಲೆಮಾರಿನ ತನಕ ಎಳೆಯಿತು. ಮಜಾ ಏನಂದರೆ, ಮೊರ ಹೆತ್ತಿದ್ದು ಮೊರವನ್ನಲ್ಲ, ಮತ್ತೆ ಉಂಡೆಯನ್ನೇ. ಇನ್ನು ಬಿಡಿ ಕೋಶ ಚೆಲ್ಲುವುದು ನಿಲ್ಲಿಸಿದರೆ ರಾಶಿಯೂ ಇಲ್ಲ, ಮರಿಯೂ ಇಲ್ಲ. ಲೋಕ ಮುಳುಗಿಸುವ ಪ್ರಾಣಿ ಇದಲ್ಲ, ಆರಾಮಾಗಿ ಮಲಗಿ.

ಉಳಿದಿದ್ದು ಒಂದೇ ಉಸಿರಿಗೆ. ಝೆನೋಬಾಟ್‌ಗಳನ್ನು ಕೊಯ್ದರೆ ಐದೇ ನಿಮಿಷದಲ್ಲಿ ಗಾಯ ಬಹುಪಾಲು ಮುಚ್ಚಿಕೊಳ್ಳುತ್ತವೆ. ಹಸಿರಾಗಿ ಹೊಳೆಯುವ ಒಂದು ಪ್ರೋಟೀನ್ ಹಾಕಿದರೆ, ನಿರ್ದಿಷ್ಟ ಬೆಳಕು ಬಿದ್ದ ಜಾಗ ದಾಟಿದವು ಕೆಂಪಾಗುತ್ತವೆ. ಎಲ್ಲಿಗೆ ಹೋಗಿ ಬಂದೆ ಅಂತ ಬಣ್ಣ ನೋಡಿ ಹೇಳಬಹುದು. 2023ರಲ್ಲಿ ಗಿಜೆಮ್ ಗುಮುಶ್ಕಾಯಾ ಮತ್ತು ಮೈಕೆಲ್ ಲೆವಿನ್ ಅವರ ತಂಡ ಮನುಷ್ಯರ ಶ್ವಾಸನಾಳದ ಕೋಶದಿಂದಲೇ ಆಂತ್ರೋಬಾಟ್ ಮಾಡಿತು. 30ರಿಂದ 500 ಮೈಕ್ರೋಮೀಟರ್, ಆಯಸ್ಸು 45ರಿಂದ 60 ದಿನ. ಇವನ್ನು ಯಾರೂ ಕೆತ್ತಲಿಲ್ಲ, ತಾವೇ ಬೆಳೆದವು. ತಟ್ಟೆಯಲ್ಲಿ ನರಕೋಶದ ಹಾಳೆಗೆ ಗೀರು ಹಾಕಿ ಅದರ ಮೇಲೆ ಇವನ್ನು ಗುಂಪಾಗಿ ಬಿಟ್ಟರೆ, ಅಡಿಯಲ್ಲಿ ನರಕೋಶ ಬೆಳೆದು ಗೀರು ಸೇರಿಕೊಂಡಿತು. ಹೇಗೆ ಅಂತ ಆಗ ಅವರಿಗೂ ಹೊಳೆದಿರಲಿಲ್ಲ.

ನನ್ನ ಕೇಳಿದರೆ ಆಸೆ ಇಡಬೇಕಾದ್ದು ಇದರ ಮೇಲೆ. ರೋಗಿಯ ಕೋಶದಿಂದಲೇ ಮಾಡಿದರೆ ಮೈ ಅದನ್ನು ಪರಕೀಯ ಅಂತ ಹೊರದಬ್ಬುವ ಭಯ ಕಡಿಮೆ. ರಕ್ತನಾಳದ ಕೊಬ್ಬು ಕೆರೆಯುವುದು, ಔಷಧ ಮುಟ್ಟಿಸುವುದು, ಇವೆಲ್ಲ ಇನ್ನೂ ಮುಂದಿನ ಮಾತು. ಈಗ ಇರೋದು ತಟ್ಟೆ ಮಾತ್ರ.

[ಕ್ಯಾಮೆರಾ ಹಿಂದಿನಿಂದ: "ಮತ್ತ ಪ್ಲಾಸ್ಟಿಕ್ ಹೆಕ್ಕೋದು? ನಮ್ಮೂರ ಅಪ್ಪನ ಕೆರೆಗೆ ಬಿಟ್ಟರ ಹ್ಯಾಂಗ?"]

ಸಮುದ್ರದ ಮೈಕ್ರೋಪ್ಲಾಸ್ಟಿಕ್ ಗುಡ್ಡೆ ಹಾಕಿಸುವ ಕನಸು ಅವರಿಗೂ ಇದೆ. ಆದರೆ ಈ ಕಪ್ಪೆಯನ್ನು ಲ್ಯಾಬಿನಲ್ಲಿ ಸಾಕೋದೇ 20 ಡಿಗ್ರಿ ಆಸುಪಾಸಿನ ತಣ್ಣನೆ ನೀರಿನಲ್ಲಿ. ಕಲಬುರಗಿ ಮೇ ತಿಂಗಳು ಗೊತ್ತಲ್ಲ ನಿನಗೆ? ಅದನ್ನೂ ತಡೆದುಕೊಂಡವು ಅನ್ನು, ರವೆ ಕಾಳಿನಷ್ಟು ಮೆತ್ತನೆ ಉಂಡೆ, ಒಳಗೆ ತುಂಬಿದ ಹಳದಿ. ಪ್ಲಾಸ್ಟಿಕ್ ಹತ್ತಿರ ಹೋಗೋದರೊಳಗೆ ಕೆರೆ ಮೀನು ಬುತ್ತಿ ಬಿಚ್ಚಿರುತ್ತೆ.