ಗಾಂಜಾ: ಕೇಸೂ ಬೇಡ, ಅಂಗಡಿಯೂ ಬೇಡ

ಅಧ್ಯಕ್ಷರೇ, ಪ್ರಾಂಶುಪಾಲರೇ, ಕಾನೂನು ಓದುತ್ತಿರುವ ಗೆಳೆಯರೇ,

ಆಹ್ವಾನ ಪತ್ರಿಕೆಯಲ್ಲಿ ‘ಗಾಂಜಾ ಕಾನೂನುಬದ್ಧವಾಗಬೇಕೆ?’ ಎಂದು ಅಚ್ಚು ಹಾಕಿಸಿದ್ದೀರಿ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹಿಂದಿನ ಬೆಂಚಿನವರು ತೂಕಡಿಸಬಹುದು. ಸೇದಿದವನ ಮೇಲೆ ಕ್ರಿಮಿನಲ್ ಕೇಸು ಬೇಡ. ಹಾಗಂತ ಬೀದಿಯಲ್ಲಿ ಗಾಂಜಾ ಅಂಗಡಿಯೂ ಬೇಡ. ಇವೆರಡನ್ನೂ ಒಬ್ಬನೇ ಹೇಳಲು ಹೇಗೆ ಸಾಧ್ಯ ಎನ್ನುವುದಕ್ಕೆ ಸ್ವಲ್ಪ ಸಮಯ ಕೊಡಿ.

ಮಾದಕ ವಸ್ತುಗಳ ಮೇಲಿನ ನಮ್ಮ ಕಾನೂನು, ಅಂದರೆ ಎನ್‌ಡಿಪಿಎಸ್ ಕಾಯ್ದೆ, ಬಂದದ್ದು 1985ರಲ್ಲಿ. 1961ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ನಾವೂ ಸೇರಿದ್ದೆವು, ಗಾಂಜಾ ನಿಲ್ಲಿಸಲು ಅದು ಕೊಟ್ಟಿದ್ದ 25 ವರ್ಷಗಳ ಗಡುವು ಹತ್ತಿರ ಬರುತ್ತಿತ್ತು. ಈ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿ. ತುದಿಯ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ಅದಕ್ಕೇ ಎಲೆ ಅರೆದು ಮಾಡುವ ಭಂಗಿ ಇದರ ಹೊರಗೆ ಉಳಿದಿದೆ. ಬೆಂಗಳೂರಿನಲ್ಲಿ 29 ಕಿಲೋ ಭಂಗಿ, 400 ಗ್ರಾಂ ಗಾಂಜಾದೊಂದಿಗೆ ಸಿಕ್ಕವನೊಬ್ಬನಿಗೆ 2022ರಲ್ಲಿ ನಮ್ಮ ಹೈಕೋರ್ಟ್ ಜಾಮೀನು ಕೊಟ್ಟಿತು. ಭಂಗಿ ಈ ಕಾಯ್ದೆಯಡಿ ನಿಷಿದ್ಧ ಎಂದು ತೋರಿಸಲು ಏನೂ ಇಲ್ಲ, ಉಳಿದ 400 ಗ್ರಾಂ ಸಣ್ಣ ಪ್ರಮಾಣ ಎಂಬುದು ಆ ಆದೇಶದ ತಿರುಳು.

ಈಗ ತೂಕದ ವಿಷಯ. ಗಾಂಜಾ 1 ಕಿಲೋ ಒಳಗಿದ್ದರೆ ಸಣ್ಣ ಪ್ರಮಾಣ, ಶಿಕ್ಷೆ ಒಂದು ವರ್ಷದವರೆಗೆ. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ, ಗರಿಷ್ಠ 20. ಅಲ್ಲಿಗೆ 37ನೇ ಕಲಂ ಅಡ್ಡ ಬರುತ್ತದೆ. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಗೆ ಬಂದು ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗದೆ ಜಾಮೀನಿಲ್ಲ. ವಿಚಾರಣೆಯೇ ಶುರುವಾಗಿರುವುದಿಲ್ಲ ಎಂಬುದನ್ನು ನೆನಪಿಡಿ.

ಹೊಲಕ್ಕೆ ಬನ್ನಿ. ತೊಗರಿಯ ಸಾಲಿನ ನಡುವೆ ಒಬ್ಬ ರೈತ ಹತ್ತಿಪ್ಪತ್ತು ಗಾಂಜಾ ಗಿಡ ಬೆಳೆಸಿದ್ದಾನೆ. ತಪ್ಪೇ, ಅನುಮಾನವಿಲ್ಲ. ಬೆಳೆದದ್ದಕ್ಕೇ 10 ವರ್ಷದವರೆಗೆ ಶಿಕ್ಷೆಯಿದೆ. ಮಾಹಿತಿ ಬರುತ್ತದೆ, ಜೀಪು ಬರುತ್ತದೆ, ಇಬ್ಬರು ಪಂಚರು, ಪತ್ರಾಂಕಿತ ಅಧಿಕಾರಿ, ಅಂಗಡಿಯಿಂದ ತಂದ ತಕ್ಕಡಿ. ಗಿಡಗಳನ್ನು ಬೇರುಸಹಿತ ಕಿತ್ತು, ಹಸಿ ಕಾಂಡ, ಎಲೆ, ಬೇರಿಗಂಟಿದ ಮಣ್ಣು ಎಲ್ಲ ಸೇರಿಸಿ ಮೂಟೆ ಕಟ್ಟಿ ತೂಗುತ್ತಾರೆ. ಆಳೆತ್ತರದ ಹಸಿ ಗಿಡ ಒಂದೊಂದೇ ಕಿಲೋಗಟ್ಟಲೆ ತೂಗುತ್ತದೆ, ಇಪ್ಪತ್ತು ದಾಟಲು ಹೆಚ್ಚು ಹೊತ್ತು ಬೇಡ. ಕಾಯ್ದೆ ಹೇಳುವ ಹೂವಿನ ತುದಿಯನ್ನಷ್ಟೇ ಬಿಡಿಸಿ ತೂಗಿದ್ದರೆ ಎಷ್ಟಾಗುತ್ತಿತ್ತು? ಮಹಜರಿನಲ್ಲಿ ಆ ಸಾಲೇ ಇರುವುದಿಲ್ಲ. ಈ ವಾದ ಒಪ್ಪಿ ಜಾಮೀನು ಕೊಟ್ಟ ನ್ಯಾಯಾಲಯಗಳಿವೆ. ಆದರೆ ಅಲ್ಲಿಯವರೆಗೆ ಹೋಗಲು ವಕೀಲ ಬೇಕು, ದುಡ್ಡು ಬೇಕು. ಅಷ್ಟರಲ್ಲಿ ತೊಗರಿ ಕಟಾವು ತಪ್ಪಿರುತ್ತದೆ. ಆಂಧ್ರ-ಒಡಿಶಾ ಗಡಿಯ ಬೆಟ್ಟಗಳಿಂದ ಲಾರಿಯಲ್ಲಿ ಬರುವ ಮಾಲಿನ ಧಣಿಗಳು ಇಂಥ ತಕ್ಕಡಿಯ ಮುಂದೆ ನಿಂತದ್ದನ್ನು ನಾನಂತೂ ಕಂಡಿಲ್ಲ. ಸಿಕ್ಕಿಬೀಳುವವನು ಡ್ರೈವರು.

ಸೇವನೆಯ ಕೇಸು ಇನ್ನೊಂದು ಬಗೆ. ಪಾರ್ಕಿನಲ್ಲಿ ಕೂತಿದ್ದ ಹುಡುಗರನ್ನು ಆಸ್ಪತ್ರೆಗೆ ಒಯ್ದು ಮೂತ್ರ ಪರೀಕ್ಷೆ ಮಾಡಿಸುತ್ತಾರೆ, 27ನೇ ಕಲಂ ಹಾಕುತ್ತಾರೆ. ಗಾಂಜಾದ ಮಟ್ಟಿಗೆ ಶಿಕ್ಷೆ ಆರು ತಿಂಗಳವರೆಗೆ ಅಥವಾ 10,000 ರೂಪಾಯಿವರೆಗೆ ದಂಡ. ದಂಡ ಕಟ್ಟಿ ಮುಗಿಸೋಣ ಎಂದು ಅಪ್ಪ ಹೇಳುತ್ತಾರೆ, ಹುಡುಗ ತಪ್ಪೊಪ್ಪಿಕೊಳ್ಳುತ್ತಾನೆ. ಆ ಕಾಗದ ಮುಂದೆ ಪಾಸ್‌ಪೋರ್ಟಿಗೆ, ಸರ್ಕಾರಿ ನೌಕರಿಯ ಪೊಲೀಸ್ ಪರಿಶೀಲನೆಗೆ ಎದುರು ಬಂದು ಕೂರುತ್ತದೆ. ಇದೇ ಕಾಯ್ದೆಯ 64ಎ ಕಲಂ, ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸರ್ಕಾರಿ ಮಾನ್ಯತೆಯ ಆಸ್ಪತ್ರೆಯಲ್ಲಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು, ಅಷ್ಟೇ. ಇದನ್ನು ಬಳಸುವ ವಕೀಲರು ತೀರಾ ಕಡಿಮೆ. ನಮ್ಮವರಿಗೆ ಫೀಸು ಬರುವುದು ಜಾಮೀನು ಅರ್ಜಿಯಿಂದ!

ಹಾಗಾದರೆ ಗಾಂಜಾ ನಿರುಪದ್ರವಿಯೇ? ಇಲ್ಲ. ‘ಗಿಡಮೂಲಿಕೆ ಕಣಣ್ಣಾ, ಏನೂ ಆಗಲ್ಲ’ ಎನ್ನುವವರೊಂದಿಗೆ ನನ್ನ ಜಗಳ ಇಲ್ಲಿಂದ ಶುರು. ಸೇದುವವರಲ್ಲಿ ಹೆಚ್ಚಿನವರು ವ್ಯಸನಿಗಳಾಗುವುದಿಲ್ಲ, ನಿಜ. ಆದರೆ ಹದಿಹರೆಯದಲ್ಲಿ ಶುರುಮಾಡಿ ದಿನವೂ ಸೇದುವವರಿಗೆ ಚಟ ಅಂಟುವ ಸಾಧ್ಯತೆಯೂ ಚಿತ್ತವಿಕಾರದ ಅಪಾಯವೂ ಹೆಚ್ಚು. ಮನೆಯಲ್ಲಿ ಅಂಥ ಕಾಯಿಲೆ ಇದ್ದವರಿಗಂತೂ ಇನ್ನೂ ಹೆಚ್ಚು. ಅದರ ಬೆಲೆ ತೆರುವುದು ಮನೆಯವರು. ಒಬ್ಬ ತಾಯಿ ಕೋರ್ಟ್ ವರಾಂಡದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, “ಸಾಹೇಬ್ರ, ಜಾಮೀನು ಈಗ ಬ್ಯಾಡ್ರಿ. ಎರಡು ತಿಂಗಳು ಒಳಗೇ ಇರ್ಲಿ, ನಾನೂ ನಿದ್ದಿ ಮಾಡ್ತೀನಿ” ಅಂದರು. ಆಕೆಗೆ ಬೇಕಾಗಿದ್ದದ್ದು ಆಸ್ಪತ್ರೆಯ ಹಾಸಿಗೆ. ನಿಮ್ಹಾನ್ಸ್ ಅಷ್ಟು ದೂರ, ಊರಲ್ಲಿ ಇದ್ದದ್ದು ಜೈಲು ಮಾತ್ರ.

2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆ, ದೆಹಲಿಯ ಏಮ್ಸ್ ಆಸ್ಪತ್ರೆ ನಡೆಸಿದ್ದು, ದೇಶದಲ್ಲಿ ಭಂಗಿ, ಗಾಂಜಾ, ಚರಸ್ ಬಳಸಿದವರು ಸುಮಾರು 3.1 ಕೋಟಿ ಎಂದಿತು. ನೆರವು ಬೇಕಾದಷ್ಟು ತೊಂದರೆಯಲ್ಲಿರುವವರು 72 ಲಕ್ಷ. ಅದೇ ವರದಿಯಲ್ಲಿ ಕುಡಿಯುವವರು 16 ಕೋಟಿ, ತೊಂದರೆಯಲ್ಲಿರುವವರು 5.7 ಕೋಟಿ. ಮದ್ಯ ಅಪಾಯಕಾರಿ, ಗಾಂಜಾ ಸಾಧು ಎಂದು ಕೆಲವರು ಈ ಅಂಕಿಗಳನ್ನು ಓದುತ್ತಾರೆ. ನಾನು ಬೇರೆ ಥರ ಓದುತ್ತೇನೆ: ಲೈಸೆನ್ಸ್, ಬೋರ್ಡು, ವರ್ಷಕ್ಕಿಷ್ಟು ಆದಾಯ ಎಂಬ ಗುರಿ ಇಟ್ಟು ಮಾರಿದರೆ ಒಂದು ಅಮಲು ಎಷ್ಟು ಮನೆ ಹೊಕ್ಕುತ್ತದೆ ಎಂಬುದು ಅಲ್ಲಿ ಕಾಣುತ್ತದೆ.

ಇದು ನಮಗೆ ಹೊಸದಲ್ಲ. 1893-94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಆಯೋಗ 1,193 ಸಾಕ್ಷಿಗಳನ್ನು ವಿಚಾರಿಸಿ, ಗಾಂಜಾ, ಭಂಗಿಗಳ ಮಿತವಾದ ಬಳಕೆಯಿಂದ ದೊಡ್ಡ ಕೇಡಿಲ್ಲ, ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಎಂದಿತ್ತು. ಹತೋಟಿಗಾಗಿ ಹಾಕಿದ ತೆರಿಗೆ ಖಜಾನೆಯ ಆಸರೆಯಾದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಸಾರಾಯಿಯಲ್ಲಿ ನೋಡಿದೆ. ಪ್ಯಾಕೆಟ್ ಸಾರಾಯಿ 2007ರ ಜುಲೈ 1ರಿಂದ ಬಂದ್ ಆಯಿತು. ಬಾರು, ಸರ್ಕಾರದ್ದೇ ಆದ ಎಂಎಸ್ಐಎಲ್ ಮದ್ಯದ ಮಳಿಗೆ ಉಳಿದವು, ಅಬಕಾರಿ ಆದಾಯ ಈಗ ವರ್ಷಕ್ಕೆ 30 ಸಾವಿರ ಕೋಟಿ ಮೀರಿದೆ. 2019ರ ಜನವರಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಆದಾಯದ ಗುರಿ ಮುಂದಿನ ಬಜೆಟ್‌ಗಳಲ್ಲೂ ಏರುತ್ತಲೇ ಹೋಯಿತು. ಈ ಖಜಾನೆಯ ಕೈಗೆ ಇನ್ನೊಂದು ಅಮಲು ಕೊಡುವುದು ನನಗೆ ಒಪ್ಪಿತವಲ್ಲ.

ಹೊರದೇಶಗಳ ಅನುಭವ ಮಿಶ್ರ. ಕೆನಡಾ 2018ರ ಅಕ್ಟೋಬರ್ 17ರಿಂದ ವಯಸ್ಕರಿಗೆ ಮುಕ್ತ ಮಾಡಿತು, ಗಾಂಜಾ ಇಟ್ಟುಕೊಂಡದ್ದಕ್ಕೆ ಹಾಕುವ ಕೇಸುಗಳು ಕುಸಿದವು. ಅದು ಲಾಭವೇ. ಆದರೆ ಚಾಕೊಲೇಟು, ಜೆಲ್ಲಿ ರೂಪದಲ್ಲಿ ಮಾರಾಟ ಶುರುವಾದ ಮೇಲೆ ಒಂಟಾರಿಯೊದಲ್ಲಿ ಅದನ್ನು ಮಿಠಾಯಿ ಎಂದು ತಿಂದು ಆಸ್ಪತ್ರೆ ಸೇರುವ ಪುಟ್ಟ ಮಕ್ಕಳ ಸಂಖ್ಯೆ ಏರಿತು. ಕ್ವಿಬೆಕ್ ಪ್ರಾಂತ್ಯ ಮಿಠಾಯಿ ರೂಪಕ್ಕೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಥಾಯ್ಲೆಂಡ್ 2022ರಲ್ಲಿ ನಿಯಮ ಬರೆಯುವ ಮೊದಲೇ ಬಾಗಿಲು ತೆರೆದು, ಸಾವಿರಾರು ಅಂಗಡಿ ಎದ್ದ ಮೇಲೆ 2025ರಲ್ಲಿ ವೈದ್ಯರ ಚೀಟಿ ಕಡ್ಡಾಯ ಮಾಡಿತು.

ಕೇಸಿನ ಹೆದರಿಕೆ ಹೋದರೆ ಹುಡುಗರಿಗೆ ಅಂಕೆಯೇ ಇರುವುದಿಲ್ಲ ಎಂದು ನಿಮ್ಮಲ್ಲಿ ಕೆಲವರು ಕೇಳಲು ಕಾಯುತ್ತಿದ್ದೀರಿ. ಪೋರ್ಚುಗಲ್ ನೋಡಿ. 2001ರಿಂದ ಅಲ್ಲಿ ಹತ್ತು ದಿನದ ಬಳಕೆಗಾಗುವಷ್ಟು ಮಾಲು ಸಿಕ್ಕರೆ ಕ್ರಿಮಿನಲ್ ಕೇಸಿಲ್ಲ. ಮಾಲು ಕಸಿದುಕೊಂಡು ಹುಡುಗನನ್ನು ಒಂದು ಸಮಿತಿಯ ಮುಂದೆ ಕೂರಿಸುತ್ತಾರೆ, ವ್ಯಸನವಿದ್ದರೆ ಚಿಕಿತ್ಸೆಗೆ ದಾರಿ ಮಾಡುತ್ತಾರೆ. ಮಾರುವುದು ಅಲ್ಲಿ ಇಂದಿಗೂ ಅಪರಾಧವೇ. ನಮಗೆ ಅಷ್ಟಕ್ಕೆ 27ನೇ ಕಲಂನ ತಿದ್ದುಪಡಿ ಬೇಕು, ಅದು ಸಂಸತ್ತಿನ ಕೆಲಸ. ಜಿಲ್ಲಾಸ್ಪತ್ರೆಯಲ್ಲಿ ವ್ಯಸನಿಗಳಿಗೆಂದು ಹತ್ತು ಹಾಸಿಗೆ ಇಡುವುದಕ್ಕೆ ಸಂಸತ್ತೇನೂ ಬೇಡ.

ಈಗ ನೀವು ಕೇಳಿ. ಹೊಲದ ತೂಕದ ಬಗ್ಗೆ ಮೊದಲು ಕೇಳಿದರೆ ನನಗೆ ಖುಷಿ.