ಕಲ್ಲು ಕೈಬಿಟ್ಟ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಏಪ್ರಿಲ್ ತಿಂಗಳು. ಬೆಳಗಿನ ಜಾವ, ಹೊರಗೆ ಇನ್ನೂ ಕತ್ತಲು. ನಡುಮನೆಯಲ್ಲಿ ದೀಪ ಹಾಕದೆ, ಫೋನನ್ನು ನೀರಿನ ಚೊಂಬಿಗೆ ಒರಗಿಸಿಟ್ಟು ನಾನು ಆಟ ನೋಡುತ್ತಾ ಕೂತಿದ್ದೆ. ಕೆನಡಾದ ಮೂಸ್ ಜಾ ಅನ್ನುವ ಊರಿನಲ್ಲಿ ಗಂಡಸರ ವಿಶ್ವ ಕರ್ಲಿಂಗ್ ಚಾಂಪಿಯನ್‌ಶಿಪ್ ಫೈನಲ್ ನಡೀತಾ ಇತ್ತು. ನೀರು ಕುಡಿಯೋಕೆ ಎದ್ದ ಅಮ್ಮ ನನ್ನ ಹಿಂದೆ ಬಂದು ನಿಂತರು. ಸ್ವಲ್ಪ ಹೊತ್ತು ನೋಡಿ ಕೇಳಿದರು, "ಏನೋ ಇದು? ಕಲ್ಲು ಬಿಟ್ಟು ಅದರ ಮುಂದೆ ಕಸ ಗುಡಿಸ್ತಿದಾರಲ್ಲ?"

ಈ ಆಟ ಮೊದಲ ಸಲ ನೋಡಿದಾಗ ನನಗೂ ಹೊಳೆದದ್ದು ಇದೇ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕ ದಿನದಿಂದ ಕರ್ಲಿಂಗ್ ನನ್ನನ್ನು ಬಿಟ್ಟಿಲ್ಲ. 2024ರ ಸೆಪ್ಟೆಂಬರಿನಿಂದ 2025ರ ಮೇ ತಿಂಗಳ ತನಕ ನಡೆದ ಒಂದು ಸೀಸನ್ನಿನ ಕಥೆಯನ್ನು ಇವತ್ತು ನಿಮ್ಮ ಹತ್ತಿರ ಹೇಳಬೇಕು ಅಂತ ಬಂದಿದ್ದೇನೆ.

ಮೊದಲು ಅಮ್ಮನಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ. ಸುಮಾರು 45 ಮೀಟರ್ ಉದ್ದ, ಐದು ಮೀಟರಿನಷ್ಟು ಅಗಲದ ಮಂಜುಗಡ್ಡೆಯ ಅಂಕಣ. ಆ ತುದಿಯಲ್ಲಿ ಒಂದರೊಳಗೆ ಒಂದು ಬಣ್ಣದ ವೃತ್ತಗಳು. ದೊಡ್ಡ ವೃತ್ತ ಹನ್ನೆರಡು ಅಡಿ ಅಗಲ. ಅದಕ್ಕೆ ಹೌಸ್ ಅನ್ನುತ್ತಾರೆ, ಅಂದರೆ ಮನೆ. ಒಂದು ತಂಡದಲ್ಲಿ ನಾಲ್ಕು ಜನ. ಒಬ್ಬೊಬ್ಬರಿಗೆ ಎರಡು ಕಲ್ಲು. ಎರಡೂ ತಂಡಗಳು ಒಂದೊಂದಾಗಿ ಹದಿನಾರು ಕಲ್ಲು ಬಿಟ್ಟರೆ ಒಂದು ಎಂಡ್ ಮುಗಿಯಿತು. ಮನೆಯ ನಟ್ಟನಡುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಪಾಯಿಂಟು. ಹೀಗೆ ಹತ್ತು ಎಂಡ್. ಕೇರಂ ಆಡಿದವರಿಗೆ ಇದರ ಲೆಕ್ಕಾಚಾರ ಬೇಗ ತಲೆಗೆ ಹತ್ತುತ್ತದೆ. ಎದುರಾಳಿಯ ಕಲ್ಲನ್ನು ಹೊಡೆದು ಆಚೆ ಕಳಿಸಬಹುದು. ನಮ್ಮ ಕಲ್ಲಿನ ಮುಂದೆ ಇನ್ನೊಂದನ್ನು ಕಾವಲಿಗೆ ನಿಲ್ಲಿಸಬಹುದು. ಎಂಡಿನ ಕೊನೆಯ ಕಲ್ಲು ಯಾರ ಕೈಲಿದೆಯೋ ಅವರ ಹತ್ತಿರ ಹ್ಯಾಮರ್ ಇದೆ ಅನ್ನುತ್ತಾರೆ. ಇಡೀ ಆಟ ಆ ಹ್ಯಾಮರ್ ಸುತ್ತಲೇ ಸುತ್ತುತ್ತದೆ.

ಕಲ್ಲಿನ ತೂಕ ಎಷ್ಟು ಗೊತ್ತಾ? 17ರಿಂದ 20 ಕಿಲೋ. ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನ್ ಇದೆಯಲ್ಲ, ಹೆಚ್ಚುಕಡಿಮೆ ಅಷ್ಟು. ಅಂಥದ್ದನ್ನು ಮೊಣಕಾಲು ಮಡಿಸಿ, ಮಂಜಿನ ಮೇಲೆ ತಾವೂ ಜಾರುತ್ತಾ ಹೋಗಿ, ಹಿಡಿಕೆಯನ್ನು ಒಂಚೂರು ತಿರುವಿ ಕೈಬಿಡುತ್ತಾರೆ. ಮಗುವನ್ನು ತೊಟ್ಟಿಲಿಗೆ ಇಳಿಸಿದಷ್ಟು ಮೆತ್ತಗೆ.

ಆ ಕಲ್ಲು ಬರುವುದು ಎಲ್ಲಿಂದ ಅನ್ನುವುದೇ ಒಂದು ಕಥೆ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಆಚೆ ಏಲ್ಸಾ ಕ್ರೇಗ್ ಅನ್ನುವ ಪುಟ್ಟ ದ್ವೀಪ ಇದೆ. ಜನವಸತಿ ಇಲ್ಲ, ಕಡಲ ಹಕ್ಕಿಗಳದ್ದೇ ರಾಜ್ಯ. ಹಿಂದೆ ಯಾವುದೋ ಕಾಲದ ಜ್ವಾಲಾಮುಖಿಯ ಗಂಟಲಿನಲ್ಲಿ ಗಟ್ಟಿಯಾಗಿ ಉಳಿದ ಬಂಡೆ ಅದು. ಅಲ್ಲಿ ಎರಡು ಬಗೆಯ ಗ್ರಾನೈಟ್ ಸಿಗುತ್ತದೆ. ಕಲ್ಲಿನ ಮೈಗೆ ಹಸಿರು ಛಾಯೆಯದ್ದು. ಮಂಜಿಗೆ ತಾಗುವ ತಳಕ್ಕೆ ಬ್ಲೂ ಹೋನ್ ಅನ್ನುವ ನೀಲಿ ಛಾಯೆಯದ್ದು. ಬ್ಲೂ ಹೋನ್ ನೀರು ಹೀರುವುದಿಲ್ಲ. ಹಾಗಾಗಿ ಹೆಪ್ಪುಗಟ್ಟಿ ಕರಗಿ ಸೀಳುವ ಭಯ ಕಡಿಮೆ. 1851ರಲ್ಲಿ ಶುರುವಾದ ಕೇಸ್ ಅನ್ನುವ ಸ್ಕಾಟಿಷ್ ಕಂಪನಿಗೆ ಮಾತ್ರ ಅಲ್ಲಿಂದ ಕಲ್ಲು ತರುವ ಹಕ್ಕಿದೆ. ಹಕ್ಕಿಗಳಿಗೆ ತೊಂದರೆ ಆಗಬಾರದು ಅಂತ ಸಿಡಿಮದ್ದು ಇಡುವುದಿಲ್ಲ. ಬಿದ್ದಿರುವ ಬಂಡೆಗಳನ್ನೇ ಆರಿಸಿ ತರುತ್ತಾರೆ. ಒಲಿಂಪಿಕ್ಸ್‌ನಲ್ಲಿ ಓಡುವ ಕಲ್ಲುಗಳೆಲ್ಲ ಈ ಒಂದೇ ದ್ವೀಪದ ಮಕ್ಕಳು.

ಈಗ ಅಮ್ಮನ ಪ್ರಶ್ನೆಗೆ ಬರೋಣ. ಆಟದ ಮಂಜು ಕನ್ನಡಿಯ ಹಾಗೆ ನುಣುಪಾಗಿರುವುದಿಲ್ಲ. ಆಟಕ್ಕೆ ಮುಂಚೆ ಒಬ್ಬರು ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಕೈಯಲ್ಲಿ ಕೊಳವೆ ಹಿಡಿದು, ಅಂಕಣದ ಉದ್ದಕ್ಕೂ ಹನಿ ಹನಿ ಚಿಮುಕಿಸುತ್ತಾ ಹಿಮ್ಮುಖವಾಗಿ ನಡೆಯುತ್ತಾರೆ. ಅದನ್ನು ನೋಡಿ ಅಮ್ಮ, "ರಂಗೋಲಿಗೆ ಮುಂಚೆ ಅಂಗಳಕ್ಕೆ ನೀರು ಹಾಕಿದ ಹಾಗಿದೆ" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರುವುದಿಲ್ಲ. ಬಿದ್ದ ಹನಿ ಅಲ್ಲೇ ಹೆಪ್ಪುಗಟ್ಟಿ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಉಬ್ಬು ಆಗುತ್ತದೆ. ಕಲ್ಲಿನ ತಳ ತಟ್ಟೆಯ ಹಾಗೆ ಒಳಕ್ಕೆ ಬಾಗಿದೆ. ಕೆಲವೇ ಮಿಲಿಮೀಟರ್ ಅಗಲದ ಒಂದು ಬಳೆಯಷ್ಟು ಜಾಗ ಮಾತ್ರ ಆ ಉಬ್ಬುಗಳ ತಲೆ ಸವರಿಕೊಂಡು ಹೋಗುತ್ತದೆ. ಅದರ ಮುಂದೆ ಜೋರಾಗಿ ಉಜ್ಜಿದರೆ ಮಂಜು ಒಂಚೂರು ಬಿಸಿಯಾಗುತ್ತದೆ. ತಿಕ್ಕಾಟ ಕಡಿಮೆಯಾಗುತ್ತದೆ. ಕಲ್ಲು ಇನ್ನೂ ಎರಡು ಮೂರು ಮೀಟರ್ ಜಾಸ್ತಿ ಹೋಗಬಲ್ಲದು, ಕಡಿಮೆ ವಾಲುತ್ತದೆ.

ವಾಲುವುದು ಅಂದೆನಲ್ಲ, ಅದು ಇನ್ನೊಂದು ಸೋಜಿಗ. ಒಂದು ಸ್ಟೀಲ್ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಮುಂದಕ್ಕೆ ನೂಕಿ ನೋಡಿ. ಅದು ಎಡಕ್ಕೆ ಸರಿಯುತ್ತದೆ. ಕರ್ಲಿಂಗ್ ಕಲ್ಲನ್ನು ಹಾಗೇ ತಿರುವಿದರೆ ಅದು ಬಲಕ್ಕೆ ವಾಲುತ್ತದೆ! ಯಾಕೆ ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡುತ್ತಿದ್ದಾರೆ. ಕಲ್ಲಿನ ಮುಂಭಾಗ ಮಂಜಿನಲ್ಲಿ ಗೀರು ಎಳೆಯುತ್ತದೆ, ಹಿಂಭಾಗ ಆ ಗೀರು ಹಿಡಿದು ತಿರುಗುತ್ತದೆ ಅಂತ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು 2013ರಲ್ಲಿ ಹೇಳಿದರು. ಎಲ್ಲರೂ ಒಪ್ಪಿಲ್ಲ.

ಕ್ರಿಕೆಟ್‌ನಲ್ಲಿ ಚೆಂಡು ಬೌಲರ್ ಕೈ ಬಿಟ್ಟಿತು ಅಂದರೆ ಅವನ ತಂಡದವರು ಅದಕ್ಕೆ ಏನೂ ಮಾಡೋಕಾಗಲ್ಲ. ಇಲ್ಲಿ ಕೈಬಿಟ್ಟ ಮೇಲೇ ಉಳಿದವರ ಕೆಲಸ ಶುರು. ಇಬ್ಬರು ಬ್ರಷ್ ಹಿಡಿದು ಕಲ್ಲಿನ ಜೊತೆ ಓಡುತ್ತಾರೆ. ಆ ತುದಿಯಲ್ಲಿ ನಿಂತ ಸ್ಕಿಪ್, ಅಂದರೆ ನಾಯಕ, ಗಂಟಲು ಕಿತ್ತುಹೋಗುವ ಹಾಗೆ "ಹರ್ರಿ! ಹಾರ್ಡ್!" ಅಂತ ಕೂಗುತ್ತಾರೆ. ಒಬ್ಬರು ಬಿಟ್ಟ ಕಲ್ಲನ್ನು ಮೂರು ಜನ ಸೇರಿ ಮನೆ ಮುಟ್ಟಿಸುತ್ತಾರೆ. ನನಗೆ ಈ ಆಟ ಇಷ್ಟವಾಗಿರುವುದೇ ಇದಕ್ಕೆ.

ಇನ್ನು ಸೀಸನ್ನಿಗೆ ಬರುತ್ತೇನೆ. 2026ರ ಚಳಿಗಾಲದ ಒಲಿಂಪಿಕ್ಸಿಗೆ ಯಾವ ದೇಶಗಳು ಹೋಗಬೇಕು ಅನ್ನುವ ಲೆಕ್ಕ ಬಹುಪಾಲು ಈ ಸೀಸನ್ನಿನ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲೇ ಮುಗಿಯುವುದಿತ್ತು. ಹಾಗಾಗಿ ಶುರುವಿನಿಂದಲೇ ಎಲ್ಲರ ಮೈ ಬಿಗಿಯಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೇ ಬ್ರಷ್ಷಿನ ಗಲಾಟೆ ಎದ್ದಿತು. ಬ್ರಷ್ಷಿನ ತಲೆಯೊಳಗಿನ ಫೋಮ್ ತುಂಬಾ ಗಟ್ಟಿಯಾಗಿದೆ, ಉಜ್ಜುವವರಿಗೆ ಕಲ್ಲಿನ ಮೇಲೆ ಹಿಡಿತ ಜಾಸ್ತಿ ಸಿಗುತ್ತಿದೆ ಅಂತ ತಕರಾರು. ಹತ್ತು ವರ್ಷದ ಹಿಂದೆಯೂ ಇಂಥದ್ದೇ ಆಗಿತ್ತು. ಆಗ ಬ್ರಷ್ಷಿನ ಬಟ್ಟೆಯ ಮೇಲೆ ಜಗಳ. 2016ರಲ್ಲಿ ಕೆನಡಾದಲ್ಲಿ ಆಟಗಾರರನ್ನೂ ವಿಜ್ಞಾನಿಗಳನ್ನೂ ಕೂರಿಸಿ ಪರೀಕ್ಷೆ ಮಾಡಿಸಿ, ಎಲ್ಲರೂ ಒಂದೇ ಬಗೆಯ ಬಟ್ಟೆ ಬಳಸಬೇಕು ಅಂತ ವಿಶ್ವ ಕರ್ಲಿಂಗ್ ಸಂಸ್ಥೆ ನಿಯಮ ತಂದಿತು. ಇಂಥ ನಿಯಮ ಬೇಕೇ ಬೇಕು ಅನ್ನುವವನು ನಾನು. ಕಲ್ಲು ಬಿಡುವವರ ಕೈಚಳಕಕ್ಕೆ ಬೆಲೆ ಉಳಿಯಬೇಕು, ಅಲ್ವಾ?

ನವೆಂಬರಿನಲ್ಲಿ ಫಿನ್ಲೆಂಡಿನ ಲೋಹ್ಯಾದಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್. ಗಂಡಸರಲ್ಲಿ ಸ್ಕಾಟ್ಲೆಂಡಿನ ಬ್ರೂಸ್ ಮೌವಟ್ ತಂಡವೇ ಗೆಲ್ಲುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದರು. ಆದರೆ ಮಾರ್ಕ್ ಮುಸ್ಕಟೆವಿಟ್ಸ್ ನಾಯಕರಾಗಿದ್ದ ಜರ್ಮನಿ ಅವರನ್ನು ಫೈನಲ್‌ನಲ್ಲಿ ಸೋಲಿಸಿತು. 2004ರ ನಂತರ ಜರ್ಮನಿಯ ಗಂಡಸರಿಗೆ ಸಿಕ್ಕ ಮೊದಲ ಯುರೋಪಿಯನ್ ಚಿನ್ನ ಅದು.

ಫೆಬ್ರವರಿಯಲ್ಲಿ ಚೀನಾದ ಹಾರ್ಬಿನ್‌ನಲ್ಲಿ ಏಷ್ಯನ್ ಚಳಿಗಾಲದ ಕ್ರೀಡಾಕೂಟ. ಅಲ್ಲಿ ಗಂಡಸರ ಕರ್ಲಿಂಗ್ ಚಿನ್ನ ಗೆದ್ದವರು ಯಾರು ಗೊತ್ತಾ? ಫಿಲಿಪ್ಪೀನ್ಸ್! ಹಿಮ ಬೀಳದ, ತೆಂಗು ಬೆಳೆಯುವ ದೇಶ. ತಂಡದ ಹೆಚ್ಚಿನವರು ಸ್ವಿಟ್ಜರ್ಲೆಂಡಿನಲ್ಲಿ ಬೆಳೆದ ಫಿಲಿಪ್ಪೀನೋ ಮೂಲದವರು. ಮಾರ್ಕ್ ಮತ್ತು ಎನ್ರಿಕೋ ಫಿಸ್ಟರ್ ಅಣ್ಣತಮ್ಮಂದಿರು ಹಿಂದೆ ಸ್ವಿಟ್ಜರ್ಲೆಂಡ್ ಪರವಾಗಿ ಆಡಿದವರು. ಅವರ ಜೊತೆ ಕ್ರಿಸ್ಟಿಯನ್ ಹಾಲರ್, ಬೆಂಜೋ ಡೆಲಾರ್ಮೆಂಟೆ, ಕರ್ಲಿಂಗ್ ಕಲಿತು ಕೆಲವೇ ವರ್ಷ ಆಗಿದ್ದ ಅಲನ್ ಫ್ರೈ. ಗುಂಪಿನ ಪಂದ್ಯದಲ್ಲಿ ದಕ್ಷಿಣ ಕೊರಿಯಾ ಎದುರು ಸೋತಿದ್ದರು. ಅದೇ ಕೊರಿಯಾವನ್ನು ಫೈನಲ್‌ನಲ್ಲಿ 5–3ರಿಂದ ಸೋಲಿಸಿದರು. ಈ ಕೂಟದಲ್ಲಿ ಆ ದೇಶಕ್ಕೆ ಬಂದ ಮೊದಲ ಪದಕವೇ ಚಿನ್ನ. ಇಡೀ ಆಗ್ನೇಯ ಏಷ್ಯಾಕ್ಕೇ ಮೊದಲ ಚಿನ್ನ. ಅವರು ಪದಕ ಹಾಕಿಕೊಂಡು ನಿಂತ ಚಿತ್ರ ನೋಡಿ ನನಗೆ ಕಣ್ಣು ತುಂಬಿ ಬಂತು. ಹೊಟ್ಟೆಪಾಡಿಗೆ ದೂರ ದೇಶಕ್ಕೆ ಹೋದವರ ಮಕ್ಕಳು ತಾಯ್ನಾಡಿನ ಹೆಸರಿಗೆ ಗೆಲ್ಲುವುದು ಅಂದರೆ ಸುಮ್ನೆ ಮಾತಲ್ಲ.

ಅದೇ ಫೆಬ್ರವರಿಯಲ್ಲಿ ಕೆನಡಾದ ಥಂಡರ್ ಬೇಯಲ್ಲಿ ಹೆಂಗಸರ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತು. ಸ್ಕಾಟೀಸ್ ಅಂತ ಅದರ ಹೆಸರು. ಅದರ ಫೈನಲ್‌ನಲ್ಲಿ ಎದುರಾದವರು ಒಟ್ಟಾವಾ ಊರಿನ ರೇಚಲ್ ಹೋಮನ್ ಮತ್ತು ಗಿಮ್ಲಿ ಊರಿನ ಕೆರಿ ಐನಾರ್ಸನ್. ಈ ಇಬ್ಬರ ಹಿಂದಿನ ಕಥೆ ಸ್ವಲ್ಪ ಹೇಳಬೇಕು. 2018ರ ಒಲಿಂಪಿಕ್ಸ್‌ನಲ್ಲಿ ಹೋಮನ್ ತಂಡ ಸೆಮಿಫೈನಲ್ ಕೂಡ ತಲುಪಲಿಲ್ಲ. ಅಲ್ಲೇ ಇನ್ನೊಂದು ಮಾತೂ ಬಂತು. ಡೆನ್ಮಾರ್ಕಿನವರ ಬ್ರಷ್ ಅವರದೇ ಕಲ್ಲಿಗೆ ತಾಗಿದಾಗ ಹೋಮನ್ ಆ ಕಲ್ಲನ್ನು ಎತ್ತಿ ಆಚೆ ಇಟ್ಟರು. ನಿಯಮದ ಪ್ರಕಾರ ಸರಿಯೇ. ಆದರೂ ಟೀಕೆ ಬಂತು. ಯಾಕೆ ಅಂದರೆ ಕರ್ಲಿಂಗ್‌ನಲ್ಲಿ ದೊಡ್ಡ ಮನಸ್ಸು ತೋರಿಸುವುದೂ ಆಟದ ಭಾಗ ಅಂತಲೇ ಜನ ನಂಬಿದ್ದಾರೆ. ಕಲ್ಲಿಗೆ ತಾಗಿದವರು ತಾವೇ ಕೈ ಎತ್ತಿ ಹೇಳುತ್ತಾರೆ. ಸೋಲು ಖಚಿತ ಅಂತ ಗೊತ್ತಾದರೆ ಆಟ ಎಳೆಯದೆ ಕೈ ಕುಲುಕುತ್ತಾರೆ. ಆಟ ಮುಗಿದ ಮೇಲೆ ಗೆದ್ದವರು ಸೋತವರಿಗೆ ಕುಡಿಯೋಕೆ ಕೊಡಿಸಿ, ಒಟ್ಟಿಗೆ ಕೂತು ಹರಟುವುದು ಕ್ಲಬ್ಬುಗಳ ಹಳೆಯ ರೂಢಿ.

2020ರ ಸ್ಕಾಟೀಸ್ ಫೈನಲ್‌ನಲ್ಲಿ ಹೋಮನ್ ಸೋತದ್ದು ಐನಾರ್ಸನ್ ಎದುರು. 2021ರಲ್ಲೂ ಅವರ ಎದುರೇ. ಆಗ ಹೋಮನ್ ಎಂಟು ತಿಂಗಳ ಬಸುರಿ! ಆ ಹೊಟ್ಟೆ ಹೊತ್ತು, ಮಂಜಿನ ಮೇಲೆ ಬಗ್ಗಿ, ಅಷ್ಟು ಭಾರದ ಕಲ್ಲನ್ನು ಒಂದು ವಾರಕ್ಕೂ ಮೇಲೆ ಬಿಟ್ಟು ಫೈನಲ್ ತನಕ ಬಂದಿದ್ದರು. ಅಮ್ಮನಿಗೆ ಇದನ್ನು ಹೇಳಿದಾಗ ಒಂದು ಕ್ಷಣ ಸುಮ್ಮನಾದರು. "ಕಳೆ ಕೀಳೋಕೆ ಬರ್ತಿದ್ದ ಹೆಂಗಸರು ನೆನಪಾದ್ರು ಕಣೋ" ಅಂದರು.

ಥಂಡರ್ ಬೇಯಲ್ಲಿ ಹೋಮನ್ 6–1ರಿಂದ ಗೆದ್ದರು. ಮಾರ್ಚಿನಲ್ಲಿ ದಕ್ಷಿಣ ಕೊರಿಯಾದ ಉಯಿಜಂಗ್‌ಬುನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಸಿಲ್ವಾನಾ ತಿರಿಂಜೋನಿ. ಸಾಮಾನ್ಯರಲ್ಲ, ನಾಲ್ಕು ಸಲ ವಿಶ್ವ ಚಾಂಪಿಯನ್ ಆದವರು. ಹಿಂದಿನ ವರ್ಷದ ಫೈನಲ್‌ನಲ್ಲೂ ಇದೇ ಇಬ್ಬರು, ಆಗಲೂ ಗೆದ್ದವರು ಹೋಮನ್. ಈ ಸಲ 7–3. ಕೆನಡಾದ ಒಬ್ಬ ನಾಯಕಿ ಸತತ ಎರಡು ವರ್ಷ ವಿಶ್ವ ಪ್ರಶಸ್ತಿ ಗೆದ್ದದ್ದು 1993, 1994ರಲ್ಲಿ ಸಾಂಡ್ರಾ ಶ್ಮಿರ್ಲರ್ ಗೆದ್ದ ಮೇಲೆ ಇದೇ ಮೊದಲು. ಹೋಮನ್ ತಂಡದಲ್ಲಿ ನನಗೆ ತುಂಬಾ ಮೆಚ್ಚುಗೆಯಾದದ್ದು ಟ್ರೇಸಿ ಫ್ಲ್ಯೂರಿ. ಅವರು ಮೊದಲು ಬೇರೆ ತಂಡದ ನಾಯಕಿ. ಇಲ್ಲಿಗೆ ಬಂದ ಮೇಲೆ ಕೊನೆಯ ಕಲ್ಲನ್ನು ಹೋಮನ್‌ಗೆ ಬಿಟ್ಟುಕೊಟ್ಟು ತಾವು ಮೂರನೆಯವರಾಗಿ ಆಡುತ್ತಾರೆ.

ಈಗ ಮತ್ತೆ ಆ ಏಪ್ರಿಲ್ ಬೆಳಗಿಗೆ. ಒಂದು ಕಡೆ ಯಾನಿಕ್ ಶ್ವಾಲರ್ ಅವರ ಸ್ವಿಟ್ಜರ್ಲೆಂಡ್. ಇನ್ನೊಂದು ಕಡೆ ಮೌವಟ್, ಲೋಹ್ಯಾದಲ್ಲಿ ಸೋತು ಬಂದವರು. ಅದಕ್ಕೂ ಹಿಂದೆ 2022ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ, ಹೆಚ್ಚುವರಿ ಎಂಡ್ ಆಡಿ, ಸ್ವೀಡನ್ ಎದುರು 5–4ರಿಂದ ಸೋತವರು. ಅವರ ಜೊತೆ ಗ್ರಾಂಟ್ ಹಾರ್ಡಿ, ಬಾಬಿ ಲ್ಯಾಮಿ, ಹ್ಯಾಮಿ ಮ್ಯಾಕ್‌ಮಿಲನ್. ಈ ಹ್ಯಾಮಿಯ ತಂದೆಯ ಹೆಸರೂ ಹ್ಯಾಮಿಯೇ, 1999ರ ವಿಶ್ವ ಚಾಂಪಿಯನ್. ಲ್ಯಾಮಿ ಮತ್ತು ಮ್ಯಾಕ್‌ಮಿಲನ್ ಉಜ್ಜುವುದನ್ನು ನೋಡಬೇಕು. ಇಡೀ ಮೈಭಾರವನ್ನು ಬ್ರಷ್ಷಿನ ಮೇಲೆ ಹಾಕಿ, ತಲೆ ಬಗ್ಗಿಸಿ, ಕಲ್ಲಿನಿಂದ ಗೇಣು ದೂರದಲ್ಲಿ ಓಡುತ್ತಾರೆ.

ಅಷ್ಟು ಹೊತ್ತಿಗೆ ಅಮ್ಮ ನನ್ನ ಪಕ್ಕ ಕೂತಾಗಿತ್ತು. ನೀರು ಚಿಮುಕಿಸುವುದು, ಹ್ಯಾಮರ್, ಕಾವಲು ಕಲ್ಲು ಎಲ್ಲ ಅರ್ಥವಾಗಿತ್ತು. ಕೆಂಪು ಕಲ್ಲು ಯಾರದ್ದು, ಹಳದಿ ಕಲ್ಲು ಯಾರದ್ದು ಅಂತ ನನಗಿಂತ ಬೇಗ ಹೇಳುತ್ತಿದ್ದರು. ಕೊನೆಕೊನೆಗೆ ಒಂದು ಕಲ್ಲು ನಿಧಾನವಾದಾಗ, "ಉಜ್ಜಿ, ಉಜ್ಜಿ, ನಿಂತೋಗ್ತದೆ!" ಅಂತ ಫೋನಿನ ಕಡೆ ಕೈ ಬೀಸಿದರು. ಸ್ಕಾಟ್ಲೆಂಡ್ 5, ಸ್ವಿಟ್ಜರ್ಲೆಂಡ್ 4. ಬೀಜಿಂಗಿನದ್ದೇ ಅಂಕ, ಈ ಸಲ ಮೌವಟ್ ಕಡೆಗೆ. ಅವರಿಗೆ ಅದು ಎರಡನೆಯ ವಿಶ್ವ ಪ್ರಶಸ್ತಿ.

ಅಲ್ಲಿಗೂ ಅವರ ಸೀಸನ್ ಮುಗಿಯಲಿಲ್ಲ. ತಿಂಗಳೊಳಗೆ ಕೆನಡಾದ ಫ್ರೆಡೆರಿಕ್ಟನ್‌ನಲ್ಲಿ ಮಿಶ್ರ ಡಬಲ್ಸ್ ವಿಶ್ವ ಚಾಂಪಿಯನ್‌ಶಿಪ್. ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರೇ. ಎಷ್ಟೋ ಸಲ ಕಲ್ಲು ಬಿಟ್ಟವರೇ ಎದ್ದು ಓಡಿಹೋಗಿ ಉಜ್ಜಬೇಕು. ಮೌವಟ್ ಮತ್ತು ಜೆನ್ ಡಾಡ್ಸ್ ಫೈನಲ್ ತನಕ ಬಂದರು. ಗೆದ್ದದ್ದು ಮಾತ್ರ ಇಟಲಿಯ ಸ್ಟೆಫಾನಿಯಾ ಕಾನ್‌ಸ್ಟಾಂಟೀನಿ ಮತ್ತು ಅಮೋಸ್ ಮೊಸಾನೆರ್. ಬೀಜಿಂಗಿನಲ್ಲಿ ಹನ್ನೊಂದಕ್ಕೆ ಹನ್ನೊಂದೂ ಪಂದ್ಯ ಗೆದ್ದು, ಇಟಲಿಗೆ ಕರ್ಲಿಂಗ್‌ನ ಮೊದಲ ಒಲಿಂಪಿಕ್ ಪದಕ ತಂದ ಜೋಡಿ ಇದೇ.

ಕಾನ್‌ಸ್ಟಾಂಟೀನಿ ಆಡುತ್ತಾ ಬೆಳೆದ ಊರು ಕೊರ್ಟೀನಾ. ಅಲ್ಲಿ 1956ರ ಒಲಿಂಪಿಕ್ಸಿಗೆ ಕಟ್ಟಿದ ಒಂದು ಮಂಜಿನ ಕ್ರೀಡಾಂಗಣ ಇದೆ. 2026ರ ಒಲಿಂಪಿಕ್ಸ್ ಕರ್ಲಿಂಗ್‌ಗೆ ಗೊತ್ತು ಮಾಡಿದ ಜಾಗ ಅದೇ. ಅಮ್ಮನಿಗೆ ಇದನ್ನು ಹೇಳಿದೆ. "ಹಾಗಾದ್ರೆ ಆ ಹುಡುಗಿ ಮನೆ ಅಂಗಳದಲ್ಲೇ ಆಡ್ತಾಳೆ ಅನ್ನು. ಆಟ ಇದ್ದಾಗ ನನ್ನನ್ನೂ ಎಬ್ಬಿಸು" ಅಂದರು.

ನಮಸ್ಕಾರ.