ಎಲೀಯನಿಗೆ ಮೊದಲು ರೊಟ್ಟಿ

ಆತ್ಮೀಯ ಶಿಕ್ಷಕಿಯರೇ, ಶಿಕ್ಷಕರೇ, ಧರ್ಮಭಗಿನಿಯರೇ,

ಬೈಬಲಿನ ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಸೋತು ಸುಣ್ಣವಾಗಿ ಅಡವಿಯಲ್ಲಿ ಒಂದು ಪೊದೆಯ ಕೆಳಗೆ ಕೂತು, ಸಾವಾದರೂ ಬರಬಾರದೇ ಎಂದು ಬೇಡಿಕೊಳ್ಳುತ್ತಾನೆ. ಬಂದ ದೇವದೂತ ಉಪದೇಶ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು ಕೊಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಎರಡನೇ ಸಲ ಎಬ್ಬಿಸಿದಾಗಲೂ ಮೊದಲು ಊಟವೇ. ಹೋರೇಬ್ ಬೆಟ್ಟದಲ್ಲಿ ದೇವರ ಭೇಟಿ, ಹೊಸ ಜವಾಬ್ದಾರಿ ಎಲ್ಲವೂ ಆಮೇಲೆ.

ಬಳಲಿದ ಶಿಕ್ಷಕಿಗೆ ನಾವು ಹೇಳುವ ಮೊದಲ ಮಾತು ಏನು? ‘ಇದು ಸೇವೆ, ದೇವರ ಕರೆ.’ ಅದು ಸತ್ಯ. ಆದರೆ ಗಂಟಲು ಕಟ್ಟಿ, ತಿದ್ದದ ಪುಸ್ತಕಗಳ ರಾಶಿಯ ಮುಂದೆ ಕೂತವರಿಗೆ ಆ ಮಾತು ಇನ್ನೊಂದು ಹೊರೆ. ಆದ್ದರಿಂದ ಇಂದು ರೊಟ್ಟಿಯ ವಿಷಯವನ್ನೇ ಮೊದಲು ಮಾತಾಡೋಣ.

ಮೊದಲು ಗಂಟಲು. ಗದ್ದಲದ ಮೇಲೆ ದನಿ ಏರಿಸಿದರೆ ಮಕ್ಕಳ ದನಿಯೂ ಏರುತ್ತದೆ. ಮಧ್ಯಾಹ್ನದ ಹೊತ್ತಿಗೆ ನಿಮ್ಮ ದನಿ ಒಡೆದಿರುತ್ತದೆ, ಆಮೇಲೆ ಬರುವುದು ಸಿಟ್ಟು. ಶಿಕ್ಷಕರ ಪಾಲಕ ಸಂತರೆಂದು 1950ರಲ್ಲಿ ಘೋಷಿತರಾದ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಅವರ ಫ್ರಾನ್ಸಿನ ಶಾಲೆಗಳಲ್ಲಿ ಶಿಕ್ಷಕರು ಮಾತಿನ ಬದಲು ಟಕ್ಕೆನ್ನುವ ಮರದ ಚಿಕ್ಕ ಸಾಧನದಿಂದ ಸೂಚನೆ ಕೊಡುತ್ತಿದ್ದರು. ನಮಗೆ ಎರಡು ಚಪ್ಪಾಳೆ ಸಾಕು. ಜೂನ್ ಮೊದಲ ಎರಡು ವಾರ ಮೂರೇ ಸಂಜ್ಞೆ ಕಲಿಸಿ: ಎತ್ತಿದ ಕೈ ಅಂದರೆ ಮೌನ, ಎರಡು ಚಪ್ಪಾಳೆ ಅಂದರೆ ಪುಸ್ತಕ ತೆರೆಯಿರಿ, ತೆರೆದ ಅಂಗೈ ಅಂದರೆ ನಿಲ್ಲಿರಿ. ಕೈ ಎತ್ತಿದ ಮೇಲೆ ಬಾಯಿ ತೆರೆಯಬಾರದು. ಈ ಪದ್ಧತಿ ಕೆಡುವುದು ಇಲ್ಲೇ: ಕೈಯನ್ನೂ ಎತ್ತುತ್ತೇವೆ, ‘ಸೈಲೆನ್ಸ್’ ಎಂದೂ ಕೂಗುತ್ತೇವೆ. ಆಗ ಮಕ್ಕಳು ಕೂಗಿಗಷ್ಟೇ ಕಾಯುತ್ತಾರೆ.

ಇನ್ನು ನೋಟ್‌ಬುಕ್ಕು. 40 ಮಕ್ಕಳಿದ್ದು, ಪುಸ್ತಕವೊಂದಕ್ಕೆ 2 ನಿಮಿಷವಾದರೆ ಒಂದು ವಿಷಯಕ್ಕೇ 80 ನಿಮಿಷ. ಮೂರು ವಿಷಯಕ್ಕೆ ನಾಲ್ಕು ಗಂಟೆ. ಇಷ್ಟನ್ನು ಮನೆಗೆ ಹೊತ್ತು ಯಾರೂ ನಗುಮುಖದಿಂದ ಮರುದಿನ ಬರಲಾರರು. ದಿನಕ್ಕೆ ಹತ್ತೇ ಪುಸ್ತಕ ತೆಗೆದುಕೊಳ್ಳಿ. ನಾಲ್ಕು ದಿನಕ್ಕೆ ತರಗತಿ ಮುಗಿಯುತ್ತದೆ. ಒಂದು ಸರದಿಯಲ್ಲಿ ಒಂದೇ ಬಗೆಯ ತಪ್ಪು ನೋಡಿ: ಒಮ್ಮೆ ಒತ್ತಕ್ಷರ, ಒಮ್ಮೆ ದೀರ್ಘ, ಒಮ್ಮೆ ಮಹಾಪ್ರಾಣ. ಕರಾವಳಿಯ ಶಾಲೆಗಳಲ್ಲಿ ಮನೆಮಾತು ತುಳುವಾದ ಮಗು ‘ಭೂಮಿ’ಯನ್ನು ‘ಬೂಮಿ’ ಎಂದು ಬರೆದರೆ ಅದು ಉದಾಸೀನವಲ್ಲ, ಅದರ ಕಿವಿಗೆ ಆ ವ್ಯತ್ಯಾಸ ಇನ್ನೂ ಬಿದ್ದಿಲ್ಲ. ಕಾರಣ ತಿಳಿದರೆ ಸಿಟ್ಟು ಅರ್ಧ ಇಳಿಯುತ್ತದೆ. ಪುಟವೆಲ್ಲ ಕೆಂಪು ಮಾಡಿದರೆ ಮಗುವೂ ಓದುವುದಿಲ್ಲ, ನಿಮಗೂ ಸೋತ ಭಾವ.

ಹೊಗಳಿಕೆಯಲ್ಲೂ ಹೀಗೇ. ‘ವೆರಿ ಗುಡ್’ ಎಂಬ ಮುದ್ರೆಯಿಂದ ಮಗುವಿಗೆ ಏನೂ ತಿಳಿಯುವುದಿಲ್ಲ. ‘ನಿನ್ನೆ ಬಿಟ್ಟ ಒತ್ತು ಇವತ್ತು ಹಾಕಿದ್ದಿ’ ಎನ್ನಿ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಅವರಿಗೆ ತಿಳಿಯಬೇಕು ಎಂದು ಬಡ ಹುಡುಗರ ಶಿಕ್ಷಣಕ್ಕೆ ಬದುಕು ಮೀಸಲಿಟ್ಟ ಇಟಲಿಯ ಧರ್ಮಗುರು ಡಾನ್ ಬೋಸ್ಕೊ 1884ರ ಪತ್ರದಲ್ಲಿ ಹೇಳಿದ್ದು ಇಂಥ ಸಣ್ಣ ಮಾತುಗಳಿಗೂ ಸಲ್ಲುತ್ತದೆ.

ಭಾನುವಾರದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ವಾರವಿಡೀ ಶಾಲೆ, ಭಾನುವಾರ ಪೂಜೆಯ ಬಳಿಕ ಇಗರ್ಜಿಯಲ್ಲಿ ಅದೇ ಶಿಕ್ಷಕಿಗೆ ಧರ್ಮೋಪದೇಶದ ತರಗತಿ. ಆಕೆಗೆ ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಯಾವಾಗ? ‘ಹೇಗೂ ಪಾಠ ಮಾಡಿ ಅಭ್ಯಾಸವಿದೆ’ ಎನ್ನುವುದು ಸರಿಯಾದ ಲೆಕ್ಕವಲ್ಲ. ಎರಡು ವರ್ಷ ತೆಗೆದುಕೊಂಡರೆ ಒಂದು ವರ್ಷ ಬಿಡುವು ಬೇಕೆಂದು ಧರ್ಮಗುರುಗಳ ಬಳಿ ಮೇ ತಿಂಗಳಲ್ಲೇ ಹೇಳಿ. ಜೂನ್‌ನಲ್ಲಿ ಪಟ್ಟಿ ತಯಾರಾದ ಮೇಲೆ ಹೇಳಿದರೆ ಅದು ತಕರಾರಾಗಿ ಕೇಳಿಸುತ್ತದೆ. ಮುಖ್ಯೋಪಾಧ್ಯಾಯಿನಿಯರೂ ಈ ಮಾತಿಗೆ ಬೆಂಬಲವಾಗಿ ನಿಲ್ಲಬೇಕೆಂದು ಕೈಮುಗಿದು ಕೇಳುತ್ತೇನೆ.

ಪ್ರಾರ್ಥನೆಯನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಯೇಸು ಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಕಲಿಸಿದ ಆತ್ಮಶೋಧನೆಗೆ ಐದು ಹೆಜ್ಜೆ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಪಶ್ಚಾತ್ತಾಪ, ನಾಳೆಯ ಸಂಕಲ್ಪ. ಮಕ್ಕಳು ಹೋದ ಮೇಲೆ ಖಾಲಿ ತರಗತಿಯಲ್ಲಿ ಐದು ನಿಮಿಷ ಸಾಕು. ಮನೆಗೆ ಮುಂದೂಡಿದರೆ ಅಡುಗೆಮನೆ ಅದನ್ನು ನುಂಗುತ್ತದೆ. ಹೆಚ್ಚಿನವರು ನೇರ ನಾಲ್ಕನೇ ಹೆಜ್ಜೆಗೆ ಹಾರಿ ತಮ್ಮ ತಪ್ಪುಗಳನ್ನೇ ಎಣಿಸುತ್ತಾರೆ, ಇನ್ನಷ್ಟು ಕುಗ್ಗಿ ಏಳುತ್ತಾರೆ. ಕೃತಜ್ಞತೆಯಿಂದಲೇ ಶುರುಮಾಡಿ, ಅದೂ ಹೆಸರು ಹಿಡಿದು: ಇಂದು ಯಾವ ಮಗು ಏನು ಮಾಡಿತು? ಮೂರನೇ ಹೆಜ್ಜೆಯಲ್ಲಿ ಹಾಜರಿ ಪುಸ್ತಕ ತೆರೆದು ಹೆಸರುಗಳ ಮೇಲೆ ಬೆರಳಾಡಿಸಿ. ಇಡೀ ದಿನ ನೀವು ಒಂದು ಮಾತೂ ಆಡದ ಒಂದು ಹೆಸರಾದರೂ ಸಿಗುತ್ತದೆ. ಅಲ್ಲೊಂದು ಪೆನ್ಸಿಲ್ ಚುಕ್ಕೆ ಇಡಿ. ನಾಳೆ ಹಾಜರಿ ಕರೆಯುವಾಗ ಆ ಮಗುವಿನ ಮುಖ ನೋಡಿ ಹೆಸರು ಕರೆಯಿರಿ.